ಸಾಹೇಬರ ತೆಗ್ಗಿಗೆ ಕಮಲಾಪುರದ ಮಣ್ಣು

“ತೆಗ್ಗು ತೋಡೋ ಮನಿಯಾಗ ಬಿ.ಎ. ಹುಟ್ಟಾಂಗಿಲ್ಲ” ಎಂದು ಹೇಳಿದವನು ನನ್ನ ಸೋದರಮಾವ, ಕಮಲಾಪುರದ ಭೀಮಶಾ. ನನಗಾಗ ಹತ್ತು ವರ್ಷ. ಅವ್ವನ ಎದುರಿಗೇ ಹೇಳಿದ. ಮುಂದೆ ನಾನು ಹೈದರಾಬಾದಿನಲ್ಲಿ ಓದಿ, ಒಮ್ಮೆ ನಪಾಸಾಗಿ, ಎರಡನೆಯ ಸಲಕ್ಕೆ ಬಿ.ಎ. ಆಗಿ ಕಲಬುರ್ಗಿ ಸ್ಟೇಶನ್ನಿಗೆ ಬಂದಿಳಿದೆ. ಅದಾದ ಏಳು ತಿಂಗಳಿಗೆ, ಒಂದು ತೆಗ್ಗು ತೋಡಲು ಬಾರದೆ, ಅದೇ ಮಾವನನ್ನು ಕರೆಯಲು ಕಮಲಾಪುರಕ್ಕೆ ಹೋಗಬೇಕಾಯಿತು.

ನಮ್ಮದು ಹಗೇವು ತೋಡುವ ಮನೆತನ. ಹಗೇವು ಕಾಣದ ವಾಚಕರಿಗಾಗಿ ಹೇಳುತ್ತೇನೆ. ಜೋಳ ತುಂಬಿಡಲು ನೆಲದೊಳಗೆ ತೋಡುವ ಕಣಜಕ್ಕೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಕೋಣೆಯಷ್ಟು. ಬಹಳ ದಿನ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಆದ್ದರಿಂದ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ನನ್ನ ಅಪ್ಪ ಹಣಮಂತಪ್ಪ ಒಂದು ದಿನ ದೀಪ ಇಳಿಸದೆ ತಾನೇ ಇಳಿದ. ಮೇಲೆ ಹಗ್ಗ ಹಿಡಿದಿದ್ದವನು ಭೀಮಶಾ ಮಾವ. ಅಪ್ಪ ಜೀವಂತ ಮೇಲೆ ಬರಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ಕಲಬುರ್ಗಿಗೆ ಬಂದಳು. ಸ್ಟೇಶನ್ ಬಜಾರದ ಖಾನಾವಳಿಯಲ್ಲಿ ರೊಟ್ಟಿ ಬಡಿದು ನನ್ನನ್ನು ಓದಿಸಿದಳು. “ನೀ ಒಂದು ತೆಗ್ಗಿನ್ಯಾಗ ಇಳೀಬ್ಯಾಡ, ಅಷ್ಟಾದ್ರ ಸಾಕು” ಎಂಬುದೊಂದೇ ಅವಳ ಮಾತು.

ಬಿ.ಎ. ಆದ ಮೇಲೆ ನಾನು ಸರಕಾರದ ಇಂಜಿನಿಯರ್ ಸಾಹೇಬರ ಕಚೇರಿಯಲ್ಲಿ ಉಮೇದವಾರನಾಗಿ ಕುಳಿತೆ. ಉಮೇದವಾರ ಎಂದರೆ ಕೆಲಸ ಉಂಟು, ಪಗಾರ ಇಲ್ಲ. ಸಾಹೇಬರು ತಮ್ಮ ಕೈಯಿಂದ ಸರ್ಟಿಫಿಕೇಟು ಬರೆದುಕೊಟ್ಟರೆ ಹೈದರಾಬಾದಿನಿಂದ ನೌಕರಿಯ ಹುಕುಂ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಕ್ರಿಸ್ಮಸ್ ಮುಗಿದೊಡನೆ ಸಾಹೇಬರಿಗೆ ಬೇರೆ ಊರಿಗೆ ಬದಲಿಯಾಗುವುದಿತ್ತು. ಹೋಗುವ ಮೊದಲು ಅವರಿಗೆ ಒಂದೇ ಹಂಬಲ. ಊರ ಹೊರಗೆ ಹಿಂದಿನ ಕಾಲದ ಫೌಜಿನವರು ಮಾಡಿದ ಗಾಲ್ಫ್ ಮೈದಾನ ಹಾಳು ಬಿದ್ದಿತ್ತು. ಅದನ್ನು ಸರಿಮಾಡಿ, ಕ್ರಿಸ್ಮಸ್‌ಗೆ ಅಧಿಕಾರಿಗಳ ಪಂದ್ಯ ಆಡಿಸಬೇಕು.

ಗಾಲ್ಫ್ ಎಂದರೆ ಕೊಕ್ಕೆಯ ಕೋಲಿನಿಂದ ಪುಟ್ಟ ಚೆಂಡನ್ನು ಹೊಡೆಯುತ್ತ ಹೊಡೆಯುತ್ತ ಹೋಗಿ, ದೂರದಲ್ಲಿ ಲೋಟದಷ್ಟು ಕುಳಿಗೆ ಬೀಳಿಸುವ ಆಟ. ದಾರಿಯಲ್ಲಿ ಚೆಂಡು ಬಿದ್ದು ಆಟಗಾರ ಒದ್ದಾಡಲೆಂದೇ ತೋಡಿದ ಉಸುಕಿನ ತೆಗ್ಗಿಗೆ ಬಂಕರ್ ಎನ್ನುತ್ತಾರೆ. ಸಾಹೇಬರ ಹತ್ತಿರ ಅವರ ಸೀಮೆಯ ಹಳೆಯ ಮೈದಾನಗಳ ಚಿತ್ರದ ಪುಸ್ತಕವಿತ್ತು. ಅಲ್ಲಿ ಸಮುದ್ರದ ದಂಡೆಯಲ್ಲಿ ಕುರಿಗಳು ಗಾಳಿಗೆ ಮರೆಯಾಗಿ ಮಲಗಿ ಮಲಗಿ ನೆಲ ಕುಳಿಬಿದ್ದಿತಂತೆ. ಆ ಕುಳಿಗಳೇ ಬಂಕರುಗಳಾದವಂತೆ. ಆಳೆತ್ತರದ ನೆಟ್ಟನೆಯ ಗೋಡೆ, ಹುಲ್ಲಿನ ಹೆಂಟೆಗಳನ್ನು ಇಟ್ಟಂಗಿಯ ಹಾಗೆ ಪೇರಿಸಿದ್ದು. ಪ್ರತಿ ತೆಗ್ಗಿಗೂ ಹೆಸರು: ಒಂದು ನರಕ, ಒಂದು ಶವಪೆಟ್ಟಿಗೆ. “ಕೊನೆಯ ಕುಳಿಯ ಮುಂದೆ ನನಗೆ ಇಂಥದೊಂದು ಬೇಕು. ಗೋಡೆ ನಿಲ್ಲಲಿ, ನಿನ್ನ ಕಾಗದ ಬರೆಯುತ್ತೇನೆ” ಎಂದರು.

ಚಿತ್ರ ನೋಡಿ ನಾನು ಕೂಲಿಯವರಿಂದ ತೋಡಿಸಿದೆ. ಕಲಬುರ್ಗಿಯದು ಎರಿ ಮಣ್ಣು, ಅಂದರೆ ಕಪ್ಪು ಜಿಗುಟು ನೆಲ. ಅಕಾಲ ಮಳೆಯೊಂದು ಬಂತು, ಗೋಡೆ ಕುಸಿಯಿತು. ಮತ್ತೆ ತೋಡಿಸಿದೆ, ಎರಡು ಬಿಸಿಲು ಬಿತ್ತು, ಸೀಳುಬಿಟ್ಟು ಮತ್ತೆ ಕುಸಿಯಿತು. ಪಂದ್ಯಕ್ಕೆ ಹನ್ನೆರಡು ದಿನ ಉಳಿದಿದ್ದವು. ಆ ರಾತ್ರಿ ಊಟಕ್ಕೆ ಕುಳಿತಾಗ ಅವ್ವ, “ನಿಮ್ಮ ಮಾವನ್ನ ಕೇಳು” ಎಂದಳು.

ಸೋಮವಾರ ಬೆಳಗಾಗುವ ಹೊತ್ತಿಗೆ ಸ್ಟೇಶನ್ ಬಜಾರದಿಂದ ಹೊರಟೆ. ಖಾಸೀಮ್ ಚಾಚಾನ ಎತ್ತಿನ ಬಂಡಿ, ಹೋಗಿ ಬರಲು ಹೈದರಾಬಾದಿನ ಹಾಲಿ ಸಿಕ್ಕಾ ನಾಣ್ಯದಲ್ಲಿ ಎರಡೂವರೆ ರೂಪಾಯಿ. ಕಮಲಾಪುರ ಏಳು ಹರದಾರಿ. ನಾನು ಕೋಟು, ರೂಮಿ ಟೋಪಿ ಹಾಕಿದ್ದೆ. ಮಾವ ನನ್ನನ್ನು ಪದವೀಧರನಾಗಿ ನೋಡಿರಲಿಲ್ಲ. ನೋಡಲಿ ಎಂಬ ಆಸೆ ನನಗಿತ್ತು. ಸುಳ್ಳು ಯಾಕೆ ಹೇಳಲಿ?

ತಾಜಸುಲ್ತಾನಪುರ ದಾಟುವವರೆಗೆ ದಾರಿ ಸರಿಯಿತ್ತು. ಎರಡೂ ಕಡೆ ತೊಗರಿ ಕಾಯಿಕಟ್ಟಿ ನಿಂತಿತ್ತು. ಊರ ಬಾವಿಯಲ್ಲಿ ಎತ್ತಿಗೆ ನೀರು ಕುಡಿಸುವಾಗ ಮುದುಕನೊಬ್ಬ ನನ್ನ ಕೋಟು ನೋಡಿ, “ಸಾಹೇಬ್ರ, ಹೊಲ ಅಳ್ಯಾಕ ಬಂದೀರೇನ್ರಿ?” ಎಂದು ಗಾಬರಿಯಿಂದ ಕೇಳಿದ. “ಇಲ್ರಿ, ತೆಗ್ಗು ತೋಡಾಕ ಮಂದಿ ಕರೀಲಿಕ್ಕೆ ಹೊಂಟೀನಿ” ಎಂದೆ. ಮುದುಕ ನಂಬಲಿಲ್ಲ. “ಕೋಟ್ ಹಾಕ್ಕೊಂಡು ಸುಳ್ಳ ಹೇಳಬಾರದ್ರಿ” ಎಂದು ಎದ್ದು ಹೋದ.

ಮುಂದೆ ಒಂದು ತಗ್ಗಿನ ದಾರಿಯಲ್ಲಿ ಮಳೆಯ ಕೆಸರು ಇನ್ನೂ ಆರಿರಲಿಲ್ಲ. ಗಾಲಿ ನಡುವಿನ ಗುಂಬದವರೆಗೆ ಹೂತಿತು. ನಾನು ಬಂಡಿಯಲ್ಲೇ ಕುಳಿತು, ಎತ್ತನ್ನು ಎಡಕ್ಕೆ ಹೊಡೆಯಬೇಕೆಂದು ಸಲಹೆ ಕೊಟ್ಟೆ.

“ಬಿ.ಎ. ಸಾಬ್, ಹಿಕಮತ್ ನಕ್ಕೋ” ಎಂದ ಖಾಸೀಮ್ ಚಾಚಾ. “ಜಾಣತನ ಬ್ಯಾಡ, ಕೆಳಗ ಇಳೀರಿ, ನೂಕ್ರಿ.”

ಇಳಿದು ನೂಕಿದೆ. ಕೋಟಿನ ಒಂದು ಮಗ್ಗಲು ಪೂರ್ತಿ ಕಪ್ಪಾಯಿತು. ಮಹಾಗಾಂವದ ಹತ್ತಿರ ಬೇವಿನ ನೆರಳಿಗೆ ಕುಳಿತು, ಅವ್ವ ಕಟ್ಟಿದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಬ್ಬರೂ ತಿಂದೆವು. ಅಲ್ಲಿಂದ ಮುಂದೆ ಮಣ್ಣಿನ ಬಣ್ಣ ಸ್ವಲ್ಪಸ್ವಲ್ಪವೇ ಬದಲಾಗುತ್ತ ಹೋಯಿತು. ಮೊದಲು ಕಪ್ಪು, ಆಮೇಲೆ ಕಂದು, ಕಮಲಾಪುರ ಕಣ್ಣಿಗೆ ಬೀಳುವ ಹೊತ್ತಿಗೆ ದಾರಿಯ ಧೂಳೇ ಕೆಂಪು. ಬಾಳೆಯ ತೋಟಗಳ ನಡುವೆ ಹೊತ್ತು ಮುಳುಗುವ ಮುಂಚೆ ಊರು ಸೇರಿದೆವು.

ಮಾವ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ನನ್ನ ಟೋಪಿ ನೋಡಿದ, ಕೋಟಿನ ಕೆಸರು ನೋಡಿದ.

“ಬಿ.ಎ. ಅಂದ್ರ ಇದೇನಪ್ಪ? ಅರ್ಧಾ ಸಾಹೇಬ, ಅರ್ಧಾ ಎಮ್ಮಿ!”

ಒಳಗಿನಿಂದ ಮಾವನ ಹೆಂಡತಿ ನೀಲಮ್ಮ ಅತ್ತಿ ನಗುತ್ತ ಬಂದು ಕಾಲಿಗೆ ನೀರು ಕೊಟ್ಟಳು. ಮಾವನ ಅತ್ತೆ, ಅಂದರೆ ನೀಲಮ್ಮ ಅತ್ತಿಯ ತಾಯಿ, ಮೂಲೆಯಲ್ಲಿ ಕುಳಿತಿದ್ದಳು. ನಾನು ತಂದ ಪೇಢೆಯ ಪೊಟ್ಟಣ ಅವಳ ಕೈಗೆ ಕೊಟ್ಟೆ. ಅದು ಅವಳ ಸೆರಗಿನೊಳಗೆ ಹೋಯಿತು; ಆಮೇಲೆ ಆ ಮನೆಯಲ್ಲಿ ಯಾರೂ ಅದನ್ನು ಕಾಣಲಿಲ್ಲ.

ಊಟವಾದ ಮೇಲೆ ಬಂದ ಕೆಲಸ ಹೇಳಿದೆ. ನಾನು ಕಚೇರಿಯಿಂದ ತಂದಿದ್ದ ಸಾಹೇಬರ ಪುಸ್ತಕದ ಚಿತ್ರವನ್ನು ಮಾವ ಕಂದೀಲಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಬೀಳ್ಲಿ ಅಂತ ತೆಗ್ಗು ತೋಡ್ತಾರೇನು?”

“ಹೌದು ಮಾವ. ಬಿದ್ದವರು ಮ್ಯಾಲ ಬರಾಕ ಒದ್ದಾಡಬೇಕು. ಅದ ಆಟ.”

“ನಾವು ಯಾರೂ ಬೀಳಬಾರದಂತ ಬಾಯಿಗೆ ಕಲ್ಲು ಮುಚ್ತೀವಿ. ಅವರಿಗೆ ಇದು ಆಟ!” ಪುಸ್ತಕ ಮುಚ್ಚಿದ. “ಇದು ಆಗದ್ರ ನಿಂಗೇನ್ ಆಗ್ತದ?”

“ಕಾಗದ ಸಿಗಾಂಗಿಲ್ಲ. ಕಾಗದ ಇಲ್ದ ನೌಕರಿ ಇಲ್ಲ. ಅವ್ವ ಇನ್ನೂ ರೊಟ್ಟಿ ಬಡಿಯೂದು ಬಿಟ್ಟಿಲ್ಲ.”

ಮಾವ ಎದ್ದು ಕಂದೀಲು ಸಣ್ಣದು ಮಾಡಿದ. ಅವನು ಬರುವನೋ ಇಲ್ಲವೋ ತಿಳಿಯದೆಯೇ ಮಲಗಿದೆ.

ಮಂಗಳವಾರ ಎದ್ದಾಗ ಅಂಗಳದಲ್ಲಿ ಎರಡನೆಯ ಬಂಡಿ ನಿಂತಿತ್ತು; ಮಾವ ಅದಕ್ಕೆ ಕೆಂಪು ಮಣ್ಣು ತುಂಬುತ್ತಿದ್ದ. ಅರ್ಧ ಬಂಡಿಗೇ ನಿಲ್ಲಿಸಿದ. ತೆಗ್ಗು ಪೂರ್ತಿ ಕಮಲಾಪುರದ ಮಣ್ಣಿನಿಂದಲೇ ಆಗಬೇಕೆಂದು ನಾನು ತಿಳಿದಿದ್ದೆ. “ಮೈಗೆ ಬಳಿಯಾಕ ಇಷ್ಟು ಸಾಕು. ಗೋಡಿ ಮಣ್ಣಿನಿಂದ ನಿಲ್ಲಾಂಗಿಲ್ಲ, ಕುಟ್ಟೂದ್ರಿಂದ ನಿಲ್ತದ” ಎಂದ. ಗುದ್ದಲಿ, ಮಣ್ಣು ಕುಟ್ಟುವ ಮರದ ದಿಮ್ಮಸ, ಹಗ್ಗ ಏರಿಸಿದ. ಕೊನೆಗೆ ಒಳಗೆ ಹೋಗಿ ಸಣ್ಣದೊಂದು ಮಣ್ಣಿನ ದೀಪ ತಂದು ಬಗಲ ಚೀಲದಲ್ಲಿಟ್ಟುಕೊಂಡ. ನೀಲಮ್ಮ ಅತ್ತಿ ಕೆಂಪು ಬಾಳೆಹಣ್ಣಿನ ಗೊನೆಯೊಂದನ್ನು ಅವ್ವನಿಗೆಂದು ನಮ್ಮ ಬಂಡಿಯಲ್ಲಿಟ್ಟಳು. ಭಾರದ ಬಂಡಿಯಾದ್ದರಿಂದ ಮಹಾಗಾಂವದಲ್ಲಿ ಉಳಿದು ಬುಧವಾರ ಮಧ್ಯಾಹ್ನ ಕಲಬುರ್ಗಿ ಮುಟ್ಟಿದೆವು.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಕಚೇರಿಯಲ್ಲಿ ಎಲ್ಲರಿಗೂ ನಮ್ಮದು ಒಕ್ಕಲುತನದ ಮನೆತನ ಎಂದು ಹೇಳಿದ್ದೆ. ಈಗ ಮಾವನನ್ನು ಯಾರೆಂದು ಹೇಳಲಿ? ಮೇಸ್ತ್ರಿ ಎಂದರೆ ಸಾಕು ಎಂದುಕೊಂಡೆ.

ಮೈದಾನದಲ್ಲಿ ಮಾವ ಮೊದಲು ಎರಿ ಮಣ್ಣನ್ನು ಗೋಡೆಯ ಜಾಗದಿಂದ ಎರಡು ಮಾರು ಹಿಂದಕ್ಕೆ ಕಡಿದು ತೆಗೆಸಿದ. “ಇದು ಮಳ್ಯಾಗ ಉಬ್ತದ, ಬಿಸಲಾಗ ಬಿರೀತದ. ಇದರ ಮೈಗೆ ಗೋಡಿ ಹತ್ತಸಬಾರದು.” ಆ ಜಾಗಕ್ಕೆ ಹತ್ತಿರದ ಗುಡ್ಡದ ಗರಸು ಮಣ್ಣು ಹಾಕಿಸಿ, ಗೇಣು ಗೇಣಿಗೆ ನೀರು ಚಿಮುಕಿಸಿ ದಿಮ್ಮಸದಿಂದ ಕುಟ್ಟಿಸಿದ. ಮುಂದುಗಡೆ ಕರಕಿ ಹುಲ್ಲಿನ ಹೆಂಟೆಗಳನ್ನು ಬೇರು ಮೇಲಾಗಿ ಪೇರಿಸಿ, ನಡುನಡುವೆ ಸಗಣಿ, ಹೊಟ್ಟು ಕಲಸಿದ ಕೆಂಪು ಮಣ್ಣು ಬಳಿದ. ಕೆಳಗೆ ಹಳ್ಳದ ಉಸುಕು ಸುರಿದೆವು. ಎಂಟನೆಯ ದಿನ ಗೋಡೆ ಮುಗಿಯಿತು. ಆಗ ನೋಡುತ್ತೇನೆ: ಗೋಡೆ ನೆಟ್ಟಗಿಲ್ಲ! ತಲೆ ಒಂದು ಗೇಣು ಮುಂದಕ್ಕೆ ಬಾಗಿ, ತೆಗ್ಗಿನ ಮೇಲೆ ಚಾಚಿಕೊಂಡಿದೆ.

“ಮಾವ, ಏನ್ ಮಾಡ್ದಿ? ಚಿತ್ರದಾಗ ಹಿಂಗಿಲ್ಲಲ್ಲ!”

“ಹಗೇವಿಗೆ ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ನಮ್ಮಪ್ಪ ಹಂಗ ಕಲಿಸ್ಯಾನ. ನನ್ನ ಕೈಗೆ ಬ್ಯಾರೆ ಬರಾಂಗಿಲ್ಲ” ಎಂದ ಮಾವ. “ಮಳಿ ಬಿದ್ರ ನೀರು ಗೋಡಿಗಿ ತಾಕದ ಹೊರಗ ಉದುರ್ತದ. ಚಿತ್ರ ಬರದಾಂವಗ ಮಳಿ ಗೊತ್ತಿಲ್ಲ.”

ಕೆಡವಿ ಕಟ್ಟಲು ದಿನ ಇರಲಿಲ್ಲ. ಮರುದಿನವೇ ಸಾಹೇಬರು ನೋಡಲು ಬರುವವರಿದ್ದರು. ಒಳಗಿನಿಂದಾದರೂ ಅಳತೆ ಹಿಡಿದು ನೋಡೋಣವೆಂದು ತೆಗ್ಗಿಗೆ ಇಳಿಯಹೋದೆ. ಮಾವ ತಡೆದು, ಚೀಲದಿಂದ ದೀಪ ತೆಗೆದು ಹಚ್ಚಿ, ಹಗ್ಗಕ್ಕೆ ಕಟ್ಟಿ ಮೊದಲು ಅದನ್ನು ಇಳಿಸಿದ. ಕೂಲಿಯವರು ನಕ್ಕರು. ನನಗೂ ನಗೆ ಬಂತು.

“ಆಕಾಶ ಕಾಣೋ ತೆಗ್ಗಿಗೆ ದೀಪ ಯಾಕ ಮಾವ?”

“ನಿಮ್ಮಪ್ಪಗೂ ಆಕಾಶ ಕಾಣತಿತ್ತು” ಎಂದ.

ದೀಪ ಆರಲಿಲ್ಲ. “ಈಗ ಇಳಿ” ಎಂದ. ನಾನು ಇಳಿದೆ. ಅವ್ವನಿಗೆ ಈ ಮಾತು ಇನ್ನೂ ಹೇಳಿಲ್ಲ. ಈ ಬರಹವನ್ನು ಓದಿಸಿ ಕೇಳಿದಾಗ ತಿಳಿದೀತು.

ಮರುದಿನ ಮುಂಜಾನೆ ಸಾಹೇಬರು ಕುದುರೆಯಿಂದಿಳಿದು ತೆಗ್ಗಿನ ಸುತ್ತ ಒಂದು ಸುತ್ತು ಬಂದರು. ಚೆಂಡನ್ನು ಗೋಡೆಯ ಬುಡಕ್ಕೆ ಎಸೆದು, ಕೋಲು ಹಿಡಿದು ಒಳಗಿಳಿದರು. ಹೊಡೆದರು. ಚೆಂಡು ಗೋಡೆಯ ಚಾಚಿದ ತುಟಿಗೆ ತಾಗಿ ಅವರ ಕಾಲಿಗೇ ಬಂದು ಬಿತ್ತು. ಮತ್ತೆ ಹೊಡೆದರು, ಮತ್ತೆ ಬಿತ್ತು. ಆರು ಸಲ ಹೊಡೆದರು. ಅವರ ಮುಖ ಕಮಲಾಪುರದ ಮಣ್ಣಿನ ಬಣ್ಣಕ್ಕೆ ಬಂತು. ಏಳು ತಿಂಗಳ ಉಮೇದವಾರಿಕೆ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಏಳನೆಯ ಸಲ ಅವರು ಬೆನ್ನು ತಿರುಗಿಸಿ, ಚೆಂಡನ್ನು ಬಂದ ದಾರಿಗೇ ಹಿಂದಕ್ಕೆ ಹೊಡೆದು ಹೊರಹಾಕಿದರು. ಆಮೇಲೆ ಕೋಲನ್ನು ತಿರುವಿ ಹಿಡಿದು ಗೋಡೆಗೆ ಬಲವಾಗಿ ಮೂರು ಏಟು ಹಾಕಿದರು. ಒಂದು ಹಿಡಿ ಮಣ್ಣೂ ಉದುರಲಿಲ್ಲ.

“ಇದನ್ನು ಕಟ್ಟಿದವನು ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮಾವ ದೂರದಲ್ಲಿ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ. ಮೇಸ್ತ್ರಿ ಎನ್ನಬೇಕೆಂದು ಬಾಯಿ ತೆರೆದವನು, “ನನ್ನ ತಾಯಿಯ ತಮ್ಮ. ನಮ್ಮ ಮನೆತನದ್ದೇ ಈ ಕೆಲಸ” ಎಂದೆ. ಪರೀಕ್ಷೆಯಲ್ಲಿ ಬರೆದ ಅಷ್ಟೂ ಇಂಗ್ಲಿಷಿಗಿಂತ ಅಷ್ಟು ಹೇಳುವುದು ಕಷ್ಟವಾಯಿತು.

ಸಾಹೇಬರು ಮಾವನನ್ನು ಹತ್ತಿರ ಕರೆದು, ತೆಗ್ಗಿಗೆ ಹೆಸರೇನೆಂದು ನನ್ನ ಮೂಲಕ ಕೇಳಿಸಿದರು. ಮಾವ ಸ್ವಲ್ಪ ಯೋಚಿಸಿದ.

“ಅತ್ತಿ ಹೊಟ್ಟಿ ಅನ್ರಿ. ಒಳಗ ಹೋದದ್ದು ಹೊರಗ ಬರಾಂಗಿಲ್ರಿ.”

ಅರ್ಥ ಹೇಳಿದೆ. ಸಾಹೇಬರಿಗೂ ಅತ್ತೆ ಇದ್ದಳೆಂದು ಕಾಣುತ್ತದೆ. ಕುದುರೆ ಬೆದರುವ ಹಾಗೆ ನಕ್ಕರು. ಮಾವನ ಹೆಸರು ಕೇಳಿಕೊಂಡು, ಅಲ್ಲೇ ಕುದುರೆಯ ಜೀನಿನ ಮೇಲೆ ಕಾಗದವಿಟ್ಟು ಬರೆದು, ಸಹಿ ಹಾಕಿ, ನನ್ನ ಕೈಗೆ ಕೊಟ್ಟು ಹೊರಟುಹೋದರು.

ನಾನೂ ಮಾವನೂ ಗೋಡೆಯ ಮೇಲ್ಗಡೆ ಕುಳಿತೆವು. ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಹಣಮಂತಪ್ಪನ ಮಗ ಶರಣಪ್ಪ, ಬಿ.ಎ., ತನಗೆ ಬಾರದ ಕೆಲಸಕ್ಕೆ ಬಲ್ಲವರನ್ನು ಕರೆತಂದು ಮಾಡಿಸಿದ್ದಾನೆ. ಗೋಡೆ ಕಟ್ಟಿದವನು ಅವನ ಮಾವ, ಕಮಲಾಪುರದ ಭೀಮಶಾ. ಶರಣಪ್ಪನು ಸರಕಾರಿ ನೌಕರಿಗೆ ಯೋಗ್ಯ.

ತನ್ನ ಹೆಸರು ಎಲ್ಲಿದೆ ಎಂದು ಮಾವ ಕೇಳಲಿಲ್ಲ. ಮಣ್ಣಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು, “ನಿಮ್ಮಪ್ಪನ ಹೆಸರು ಎಲ್ಲದ?” ಎಂದ. ತೋರಿಸಿದೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿತ್ತು. ಅದರ ಮೇಲೆ ಬೆರಳಿಟ್ಟ.

“ಹಂಗಾದ್ರ ಭಾವ ಮ್ಯಾಲ ಬಂದ ಬಿಡು” ಎಂದ.