ಭಾವನ ಬ್ರೇಕರ್

ನಮ್ಮ ಭಾವನನ್ನು, ಅಂದರೆ ಅಕ್ಕನ ಗಂಡನನ್ನು, ಬೀದಿಯವರೆಲ್ಲ ಸೌಂಡ್ ಸಾಹೇಬರು ಅನ್ನುತ್ತಾರೆ. ಕಾರುಗಳಿಗೆ ಸ್ಪೀಕರು, ಆಂಪ್ಲಿಫೈಯರ್ ಕೂರಿಸುವುದು ಅವರ ಕಸುಬು. ಅಂಗಡಿಯಲ್ಲಿ ಯಾರ ಮಾತೂ ಕೇಳಿಸದಷ್ಟು ಸದ್ದು ಹಾಕಿ, ಅದರ ಮೇಲೆ ತಾವೊಬ್ಬರೇ ಮಾತಾಡುತ್ತಾರೆ. ಮೂವತ್ತು ವರ್ಷದಲ್ಲಿ ಅವರಿಗೆ ತಪ್ಪು ತೋರಿಸಿದವರು ಯಾರೂ ಇಲ್ಲ. ತೋರಿಸಬೇಕಾದವನು ನಾನು, ಅದೇ ಅಂಗಡಿಯ ಹಿಂಭಾಗದಲ್ಲಿ ಬ್ಯಾಟರಿ, ಹೆಡ್‌ಲೈಟ್ ವೈರಿಂಗ್ ಕೆಲಸ ನನ್ನದು. ಆದರೆ ಗಿರಾಕಿಗಳ ಮುಂದೆ ಭಾವನಿಗೆ ಎದುರಾಡಬೇಡ ಎಂದು ಅಕ್ಕ ಮೊದಲ ದಿನವೇ ನನ್ನ ಬಾಯಿಗೆ ಬೀಗ ಹಾಕಿದ್ದಳು.

ಕರೆಂಟು ಮಿತಿಮೀರಿದರೆ ತಾನು ಸುಟ್ಟು ವೈರನ್ನು ಕಾಯುವ ಫ್ಯೂಸ್ ಕಂಡರೆ ಭಾವ ಮೂಗು ಮುರಿಯುತ್ತಾರೆ. "ಒಂದ್ಸಲ ಸುಟ್ರೆ ಮುಗೀತು, ಹೊಸದು ಹುಡುಕ್ಕೊಂಡು ಅಲೀಬೇಕು. ಬ್ರೇಕರ್ ನೋಡಿ ಸಾರ್, ಬಿದ್ರೆ ಒತ್ತಿ, ಮತ್ತೆ ಶುರು!" ಎಂದು ಗುಂಡಿ ಒತ್ತಿ ಟಕ್ ಅನ್ನಿಸುತ್ತಾರೆ. ಗಿರಾಕಿಗಳು ಆ ಟಕ್‌ಗೇ ಮರುಳಾಗುತ್ತಾರೆ. ಬ್ರೇಕರ್ ಕೆಟ್ಟದ್ದೆಂದು ನಾನೆಲ್ಲಿ ಹೇಳಿದೆ? ಬಿದ್ದಾಗ ಯಾಕೆ ಬಿತ್ತೆಂದು ವೈರನ್ನು ತಡವಿ ನೋಡುವವನ ಕೈಯಲ್ಲಿ ಅದು ಒಳ್ಳೆಯದೇ. ಒತ್ತುವುದೊಂದೇ ಗೊತ್ತಿರುವವನಿಗೆ ಮಾತ್ರ ಫ್ಯೂಸೇ ವಾಸಿ, ಹೊಸದು ತರುವಷ್ಟು ಹೊತ್ತಾದರೂ ಕರೆಂಟು ಹರಿಯುವುದಿಲ್ಲ.

ತಮ್ಮ ಮಗಳು ನರ್ಸ್ ಕೆಲಸಕ್ಕೆ ಸೇರಿದಾಗ ಭಾವ ಅವಳ ಹಳೆಯ ಕಾರಿನ ಡಿಕ್ಕಿ ತುಂಬ ಸ್ಪೀಕರು ತುರುಕಿದರು. "ನಂಗೆ ರೇಡಿಯೋ ಇದ್ರೆ ಸಾಕಪ್ಪಾ" ಎಂದು ಅವಳು ಅಂಗಲಾಚಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಬ್ಯಾಟರಿಯ ಪಕ್ಕ ಅರವತ್ತು ಆಂಪಿಯರ್ ಬ್ರೇಕರ್, ಅಲ್ಲಿಂದ ಡಿಕ್ಕಿಯವರೆಗೆ ಕೆಂಪು ವೈರು. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ, ಅದು ಉಜ್ಜಿ ಸವೆಯದಂತೆ ಕಾಯುವ ರಬ್ಬರ್ ಬಳೆ ಹಾಕಲಿಲ್ಲ. ಕೇಳಿದ್ದಕ್ಕೆ, "ಅದ್ಯಾರಿಗೆ ಕಾಣುತ್ತೆ ಬಿಡು" ಅಂದರು.

ತಿಂಗಳೊಳಗೆ ಬ್ರೇಕರ್ ಬೀಳತೊಡಗಿತು. ರಸ್ತೆಯ ಗುಂಡಿ ದಾಟಿದರೆ ಟಕ್. "ಬಾನೆಟ್ ಎತ್ತಿ ಒತ್ತಮ್ಮ, ಅಷ್ಟೇ" ಎಂದರು ಭಾವ. ಮಗಳು ಒತ್ತಿದಳು. ಮೂರನೇ ಸಲ ನಾನು ತಡೆಯಲಾರದೆ, "ಭಾವಾ, ವೈರು ಎಲ್ಲೋ ಉಜ್ತಾ ಇದೆ, ಕಾರ್ಪೆಟ್ ಎತ್ತಿ ನೋಡೋಣ" ಅಂದೆ. ಎದುರಿಗೆ ಇಬ್ಬರು ಗಿರಾಕಿಗಳಿದ್ದರು.

"ನನ್ನ ಕೆಲಸ ಬಿಚ್ಚಿ ನೋಡೋಷ್ಟು ದೊಡ್ಡವನಾದ್ಯಾ?" ಎಂದು ನಕ್ಕು, ನೂರೈವತ್ತು ಆಂಪಿಯರ್ ಬ್ರೇಕರ್ ಹಾಕಿದರು. ಅದು ಬೀಳಲೇ ಇಲ್ಲ. ವಾರವಿಡೀ ಎದೆಯುಬ್ಬಿಸಿಕೊಂಡು ಅದನ್ನೇ ಹೇಳಿದರು. ಆ ವೈರು ಅಷ್ಟು ಕರೆಂಟು ಹೊರಲಾರದು, ಬ್ರೇಕರ್ ಬೀಳುವ ಮೊದಲೇ ಸುಡುತ್ತದೆಂದು ನನಗೆ ಗೊತ್ತಿತ್ತು. ಅಕ್ಕನ ಮುಖ ನೋಡಿ ಸುಮ್ಮನಾದೆ.

ಮಂಗಳವಾರ ಮಧ್ಯಾಹ್ನ ಅಕ್ಕನ ಮಗಳ ಕಾರು ಅಂಗಡಿ ಮುಂದೆ ಗಕ್ಕನೆ ನಿಂತಿತು. ಕಾರ್ಪೆಟ್ಟಿನ ಅಡಿಯಿಂದ ಹೊಗೆ ಏಳುತ್ತಿತ್ತು. ಕಾರ್ಪೆಟ್ಟಿನ ಮೇಲಿದ್ದ ಚೀಲ ಎಳೆದುಕೊಳ್ಳಲು ಹೋಗಿ ಅಂಗೈ ಸುಟ್ಟುಕೊಂಡು ಇಳಿದಳು. ನಾನು ಓಡಿಹೋಗಿ ಬ್ಯಾಟರಿಯ ವೈರು ಕಿತ್ತೆ. ಹೊಗೆ ಇಳಿದ ಮೇಲೆ ಸೌಂಡ್ ಸಾಹೇಬರು ಬಾನೆಟ್ಟಿನೊಳಗೆ ಬಗ್ಗಿ ನೋಡಿದರು. ಆಣೆ ಮಾಡಿ ಹೇಳುತ್ತೇನೆ, ಅವರ ದನಿಯಲ್ಲಿ ಹೆಮ್ಮೆಯಿತ್ತು.

"ನೋಡಿದ್ಯಾ, ಇಷ್ಟಾದ್ರೂ ಬ್ರೇಕರ್ ಬಿದ್ದಿಲ್ಲ!"

ಥೂ, ಇವರನ್ನು ಮೂವತ್ತು ವರ್ಷ ಸಹಿಸಿದ ಬೀದಿಗೆ ಏನನ್ನಬೇಕು ಅಂದುಕೊಂಡೆ. ಹುಡುಗಿ ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

"ಅಪ್ಪ ಯಾವಾಗ್ಲೂ ಹೀಗೇ" ಅಂದಳು. "ಮಾಮಾ, ನಿಮಗೆ ಗೊತ್ತಿತ್ತಲ್ವಾ?"