ಕೆಂಬೂತನ ಹಾಜರಿ

ಮೊನ್ನೆ ಬೋಗಾದಿಯಲ್ಲಿ ಜೆಸಿಬಿಯೊಂದು ಖಾಲಿ ಸೈಟಿನ ಲಂಟಾನ ಪೊದೆಗಳನ್ನು ಕಿತ್ತು ಹಾಕುತ್ತಿತ್ತು. ಜಜ್ಜಿದ ಎಲೆಯ ಆ ಘಾಟು... ಅರ್ಧ ನಿಂಬೆಹಣ್ಣು, ಅರ್ಧ ಆಟವಾಡಿ ಬಂದ ಹುಡುಗರ ಬೆವರು. ಸ್ಕೂಟರ್ ನಿಲ್ಲಿಸಿ ಮೂಗರಳಿಸಿ ನಿಂತೆ. ಡ್ರೈವರ್ ನನ್ನನ್ನು ಸೈಟಿನ ಓನರ್ ಅಂದುಕೊಂಡು ಸಲಾಂ ಹೊಡೆದ. ನಾನೂ ಓನರ್ ಥರವೇ ಹೊಟ್ಟೆ ಮುಂದೆ ಮಾಡಿ ತಲೆಯಾಡಿಸಿದೆ. ಬೇರೆಯವರಂತೆ ಆಡುವುದು ನನಗೆ ನಾಲ್ಕನೇ ಕ್ಲಾಸಿನಲ್ಲಿ ಅಂಟಿದ ರೋಗ.

ಆ ಕ್ಲಾಸಿನ ನಮ್ಮ ಮಿಸ್ ಪ್ರತಿ ಶನಿವಾರ ನಮ್ಮನ್ನು ಸ್ಕೂಲಿನ ಹಿಂದಿದ್ದ ತೋಪಿಗೆ ಕರೆದೊಯ್ಯುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಮರ. ಹೊಂಗೆಕಾಯಿ ಎಣಿಸಿ ಮಗ್ಗಿ ಕಲಿತೆವು, ಕಡ್ಡಿ ಜೋಡಿಸಿ ತ್ರಿಕೋನ ಮಾಡಿದೆವು. ಕೊನೆಯ ಹತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕೂತು ಕೇಳಬೇಕಿತ್ತು. ಆಮೇಲೆ ಹಾಜರಿ. ನಮ್ಮದಲ್ಲ, ಹಕ್ಕಿಗಳದ್ದು! ಸ್ಕೂಲಿನ ಹಾಜರಿ ಪುಸ್ತಕದಂಥದ್ದೇ ಒಂದರಲ್ಲಿ ಪಿಕಳಾರ, ಗೊರವಂಕ, ಗಿಳಿ, ಕೆಂಬೂತ ಎಂದು ಸಾಲಾಗಿ ಬರೆದಿದ್ದರು. ಮಿಸ್ ಹೆಸರು ಕೂಗಿದಾಗ ಆ ಹಕ್ಕಿಯ ದನಿ ಕೇಳಿಸಿಕೊಂಡವರು ಕೈ ಎತ್ತಬೇಕು. ಗೊರವಂಕನ ಹಾಜರಿ ನನ್ನದಕ್ಕಿಂತ ಚೆನ್ನಾಗಿತ್ತು.

ಕೆಲವು ಮನೆಗಳಿಂದ ದೂರು ಬಂತು. ಮುಳ್ಳು, ಹುಳಹುಪ್ಪಟೆ, ಪಾಠ ಬಿಟ್ಟು ಮರ ಸುತ್ತಿಸುತ್ತಾರೆ ಅಂತ. ಪೋಷಕರ ಸಮಿತಿಯ ಅಧ್ಯಕ್ಷರು ಒಂದು ಶನಿವಾರ ಬಂದು ನೋಡುವುದು, ಅವರು ಒಪ್ಪದಿದ್ದರೆ ತೋಪಿನ ಕ್ಲಾಸು ಬಂದ್ ಎಂದು ಹೆಡ್‌ಮಾಸ್ಟರು ತೀರ್ಮಾನಿಸಿದರು. ಮಿಸ್ ಅಧ್ಯಕ್ಷರ ಮುಂದೆ ಹೆಮ್ಮೆಯಿಂದ "ನಮ್ಮ ತೋಪಿಗೆ ಕೆಂಬೂತನೂ ಬರ್ತಾನೆ ಸಾರ್" ಅಂದಿದ್ದರು. ಆದರೆ ಪಕ್ಕದ ಜಮೀನಿನಲ್ಲಿ ಪೊದೆ ಸವರಲು ಶುರುಮಾಡಿದ ಮೇಲೆ ಕೆಂಬೂತ ಎರಡು ವಾರ ಗೈರುಹಾಜರಾಗಿದ್ದ.

ಅಧ್ಯಕ್ಷರು ಬಂದರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಮರಗಳನ್ನೂ ಲೇಟಾಗಿ ಬಂದ ಕೆಲಸಗಾರರನ್ನು ನೋಡುವಂತೆಯೇ ನೋಡಿದರು. ಅವರೂ ಕಣ್ಣು ಮುಚ್ಚಿ ಕೂತರು. ಏಳೆಂಟು ನಿಮಿಷವಾದರೂ ಕೆಂಬೂತನ ಸುಳಿವಿಲ್ಲ. ನನ್ನ ಮರ ಲಂಟಾನ ಪೊದೆಯ ಪಕ್ಕದ್ದು. ಗಲ್ಲವನ್ನು ಎದೆಗೊತ್ತಿ ಶುರುಮಾಡಿಯೇಬಿಟ್ಟೆ: "ಊಪ್... ಊಪ್... ಊಪ್..." ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತೆ, ಕೆಂಬೂತನನ್ನು ನೋಡಿ ನಾನು ಗಂಟಲು ಕೆದರಿದೆ.

ಹಾಜರಿಯಲ್ಲಿ ಕೆಂಬೂತನ ಹೆಸರು ಬಂದಾಗ ಎಲ್ಲರ ಕೈ ಮೇಲೆದ್ದವು. ಅಧ್ಯಕ್ಷರದ್ದೂ! "ಪರ್ವಾಗಿಲ್ಲ ಕಣ್ರೀ, ಚೆನ್ನಾಗೈತೆ" ಅಂದು ಅವರು ಸ್ಕೂಟರಿನತ್ತ ಹೊರಟರು. ಗೆದ್ದೆವು ಅಂದುಕೊಂಡೆ. ಮಿಸ್ ನನ್ನ ಮರದ ಹತ್ತಿರ ಬಂದರು.

"ಕೆಂಬೂತ ಮಧ್ಯದಲ್ಲಿ ಕೆಮ್ಮಲ್ಲ ಕಣೋ."

"ಮಿಸ್, ಸುಮ್ನಿದ್ಬುಡಿ ಮಿಸ್. ಹೇಳಿದ್ರೆ ಕ್ಲಾಸು ಹೋಗ್ಬುಡ್ತದೆ."

"ಹೋದ್ರೆ ಹೋಗ್ಲಿ. ಇಲ್ದಿರೋದನ್ನ ಇದೆ ಅನ್ನೋಕಾ ನಿನ್ನ ಇಲ್ಲಿಗೆ ಕರ್ಕೊಂಡ್ಬರೋದು?"

ಕೈ ಹಿಡಿದು ಎಳೆದುಕೊಂಡು ಹೋದರು. ನಡುವೆ ಒಮ್ಮೆ ನಿಂತು ತೋಪಿನತ್ತ ತಿರುಗಿ ನೋಡಿದರು. ಆ ಕ್ಲಾಸು ಅವರಿಗೆ ಎಷ್ಟು ಬೇಕಾಗಿತ್ತು ಅನ್ನುವುದು ನನಗೆ ಗೊತ್ತಾದದ್ದು ಆ ನೋಟದಿಂದಲೇ... ಅಧ್ಯಕ್ಷರ ಮುಂದೆ ನಿಂತು, "ಸಾರ್, ನೀವು ಕೇಳಿದ ಕೆಂಬೂತ ಇವನು. ನಿಜವಾದದ್ದು ಇವತ್ತೂ ಸೇರಿ ಮೂರು ವಾರದಿಂದ ಬಂದಿಲ್ಲ" ಅಂದರು.

ಅಧ್ಯಕ್ಷರು ನನ್ನನ್ನು ಮೇಲಿಂದ ಕೆಳಗೆ ಅಳೆದರು. "ಎಲ್ಲಿ, ಇನ್ನೊಂದ್ಸಲ ಕೂಗ್ಲಾ."

ಕೂಗಿದೆ.

"ಯಾರ್ಲಾ ಹೇಳ್ಕೊಟ್ಟೋರು?"

"ಕೆಂಬೂತನೇ ಸಾರ್."

"ಏನ್ ತಿಂತದೆ ಅದು?"

"ಓತಿಕ್ಯಾತ, ಹುಳ, ಬಸವನಹುಳು. ಹಾರೋಕೆ ಸೋಮಾರಿ ಸಾರ್, ಪೊದೆಯೊಳಗೆ ನಡ್ಕೊಂಡೇ ಓಡಾಡ್ತದೆ. ಪೊದೆ ಕಡಿದ್ರೆ ಹೊರಟೋಗ್ತದೆ."

ಅಧ್ಯಕ್ಷರು ಮಿಸ್ ಕಡೆ ತಿರುಗಿ, "ಕಳ್ಳ ನನ್ಮಗ ಬೇಜಾನ್ ಕಲ್ತವ್ನೆ ಕಣಮ್ಮ. ಮೂರನೇ ಕ್ಲಾಸಲ್ಲಿ ನಮ್ಮವನೊಬ್ಬ ಅವ್ನೆ, ಟೀವಿ ಬಿಟ್ರೆ ಬೇರೆ ಲೋಕ ಗೊತ್ತಿಲ್ಲ. ಬರೋ ವಾರ ಅವನನ್ನೂ ಕೂರಿಸ್ಕೊಳಿ" ಅಂದರು.

ಕ್ಲಾಸು ಉಳಿಯಿತು. ನನಗೆ ಒಂದು ತಿಂಗಳು ತೋಪಿನಲ್ಲಿ ಬಾಯಿ ತೆಗೆಯದ ಶಿಕ್ಷೆ. ಮಿಸ್ ದನಿಯಲ್ಲೇ ಹಾಜರಿ ಕೂಗಿ ಎಲ್ಲರನ್ನೂ ನಗಿಸುತ್ತಿದ್ದ ನನ್ನಂಥವನಿಗೆ ಅದು ಜೈಲು. ಕೆಂಬೂತನ ಸಾಲಿನಲ್ಲಿ ಮಿಸ್ ಗೈರು ಎಂದು ತಿದ್ದಿದರು. ಆ ವರ್ಷ ಅದು ಮತ್ತೆ ಬರಲೂ ಇಲ್ಲ. ಈಗ ಆ ತೋಪೂ ಇಲ್ಲ. ನನ್ನ ಹೊಂಗೆ ಇದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ.

ಮೊನ್ನೆ ನಾನು ಹೊರಟಿದ್ದದ್ದು ಮಿಸ್ ಮನೆಗೇ. ಅವರು ತೀರಿಕೊಂಡು ಹತ್ತು ದಿನವಾಗಿತ್ತು, ನನಗೆ ತಿಳಿದದ್ದು ತಡವಾಗಿ. ಮಗಳು ಕಾಫಿ ಕೊಟ್ಟು, "ನೀವು ಅಮ್ಮನ ದನಿ ತುಂಬಾ ಚೆನ್ನಾಗಿ ಮಾಡ್ತಿದ್ರಂತೆ. ಅಮ್ಮನೇ ಹೇಳಿ ನಗ್ತಿದ್ರು. ಒಂದ್ಸಲ ಮಾಡ್ತೀರಾ?" ಎಂದು ಕೇಳಿದರು.

"ಈಗ ಬರಲ್ಲ ಕಣ್ರೀ" ಅಂದೆ.

ಸುಳ್ಳು. ಬರುತ್ತದೆ, ಕೆಮ್ಮಿಲ್ಲದೆ ಬರುತ್ತದೆ. ಕಣ್ಣು ಮುಚ್ಚಿ ಕೇಳಿದ್ದರೆ ಮಿಸ್ ಒಳಮನೆಯಲ್ಲಿದ್ದಾರೆ ಎಂದು ಆ ಮಗಳು ಖಂಡಿತ ನಂಬುತ್ತಿದ್ದರು... ಅದನ್ನು ಮಿಸ್ ಒಪ್ಪುತ್ತಿರಲಿಲ್ಲ.