ಅಳತೆ ಮೇಡಂ ಮತ್ತು ಎರಡನೆಯ ಕುರ್ಚಿ

ಬೆಳಕು ಹರಿಯುವ ಹೊತ್ತಿಗೆ ಗೋಂದು ತಯಾರಿಸುವ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಇರುವುದು ಇಬ್ಬರೇ. ಒಬ್ಬರು ನೆಲ ಗುಡಿಸುವ ಅಕ್ಕ. ಇನ್ನೊಬ್ಬರು, ಅಕ್ಕ ಕುರ್ಚಿಗಳನ್ನು ಸರಿಸಿಡುವ ಮೊದಲೇ ಓಡೋಡಿ ಬಂದು, ಹಿಂದಿನ ದಿನ ಯಾರ ಮೇಜಿನ ಬಳಿ ಎರಡನೆಯ ಕುರ್ಚಿ ಎಳೆದಿಟ್ಟಿದ್ದರು ಎಂದು ನೋಡುವ ಹೆಂಗಸು. ಎಲ್ಲರ ಬಾಯಲ್ಲೂ ಅವರು ಅಳತೆ ಮೇಡಂ.

ಒಂದು ತಂಡ ತಾನು ಕಲಿತದ್ದನ್ನು ಎಷ್ಟು ಕಾಪಾಡಿಕೊಳ್ಳುತ್ತದೆ, ಪಕ್ಕದವರಿಗೆ ಎಷ್ಟು ದಾಟಿಸುತ್ತದೆ ಎಂದು ಅಳೆದು ಅಂಕ ಕೊಡುವುದು ಅವರ ಕೆಲಸ. "ಗಾಳೀನ ತಕ್ಕಡೀಲಿ ತೂಗ್ತೀಯಲ್ಲಮ್ಮ ಅಂತ ಮಗಳು ರೇಗಿಸ್ತಾಳೆ. ಸುಳ್ಳೇನಲ್ಲ ಬಿಡಿ," ಎಂದು ಇವತ್ತು ಜೊತೆಗೆ ಬಂದಿರುವ ನನಗೆ ಹೇಳುತ್ತಾರೆ. ತಕ್ಕಡಿ ಇವರದಾದರೂ ತೂಕದ ಕಲ್ಲು ಮೇಲಿನವರದು. ಕಂಪ್ಯೂಟರಿಗೆ ಎಷ್ಟು ವರದಿ ಏರಿಸಿದರು ಎಂಬುದಷ್ಟೇ ಅಲ್ಲಿ ಲೆಕ್ಕ. ಪಕ್ಕದಲ್ಲಿ ಕೂತು ಕೇಳಿ ಕಲಿಯಲು ಎಳೆದ ಕುರ್ಚಿಗೆ ಅಂಕವಿಲ್ಲ.

ಚಪ್ಪಲಿ ಗೋಂದಿನ ತಂಡ ಬರೆಯುವುದರಲ್ಲಿ ಶುದ್ಧ ಸೋಮಾರಿ. ಆದರೆ ಅದರ ಹಿರಿಯರೊಬ್ಬರ ಮೇಜಿನ ಸುತ್ತ ದಿನಾ ಬೆಳಿಗ್ಗೆ ಕಾಲಿಡಲು ಜಾಗವಿಲ್ಲದಷ್ಟು ಕುರ್ಚಿಗಳು. ಅದನ್ನು ಕಣ್ಣಾರೆ ಕಂಡೂ ಹೋದ ವರ್ಷ ಮೇಡಂ ನಿಯಮದಂತೆ ಕಡಿಮೆ ಅಂಕ ಹಾಕಿದರು. ಅದನ್ನೇ ಹಿಡಿದುಕೊಂಡು ಮೇಲಿನವರು ತಂಡವನ್ನು ಒಡೆದು, ಒಬ್ಬೊಬ್ಬರನ್ನು ಒಂದೊಂದು ಮಹಡಿಗೆ ಕಳಿಸಿದರು. ಅವರ ಜಾಗಕ್ಕೆ ಬಂದ ಹೊಸ ತಂಡ ವರದಿಗಳ ರಾಶಿಯನ್ನೇ ಏರಿಸಿತು. ಜೊತೆಗೆ, ತೇವ ತಾಗಿದರೆ ಬಿಟ್ಟುಕೊಳ್ಳುವ ಹಳೆಯ ಗೋಂದನ್ನೇ ತಿಂಗಳುಗಟ್ಟಲೆ ಮತ್ತೆ ಕುದಿಸಿತು. ಅದು ಆಗದ ಕೆಲಸ ಎಂದು ಹಳಬರಿಗೆ ಗೊತ್ತಿತ್ತು. ಸೋತದ್ದನ್ನು ಅವರು ಬರೆದಿಟ್ಟಿರಲಿಲ್ಲ, ಮೇಜಿನ ಬಳಿ ಹೇಳಿಕೊಂಡಿದ್ದರು.

"ಕಣ್ಣು ಒಂದು ಹೇಳ್ತಿತ್ತು, ಕೈ ಇನ್ನೊಂದು ಬರೀತು. ಮೇಲಿನವರ ಹತ್ರ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಈಗಲೂ ಚುಚ್ಚುತ್ತೆ," ಎನ್ನುವಾಗ ಮೇಡಂ ಕಿಟಕಿಯ ಕಡೆ ತಿರುಗುತ್ತಾರೆ.

ಆ ಹಿರಿಯರು ಈಗ ಮೂರನೇ ಮಹಡಿಯ ಮೂಲೆಯಲ್ಲಿ ಒಬ್ಬರೇ ಕೂರುತ್ತಾರೆ. ಎದುರಾದಾಗಲೆಲ್ಲ ಮೇಡಂ ತಲೆ ತಗ್ಗಿಸುತ್ತಿದ್ದರು. ಅವರೋ "ಏನಮ್ಮ, ಈ ಸಲ ನನಗೆಷ್ಟು?" ಎಂದು ನಗುತ್ತಿದ್ದರು. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಈ ವರ್ಷದ ಅಳತೆಯಲ್ಲಿ ಕುರ್ಚಿಗೂ ಒಂದಿಷ್ಟು ಅಂಕ ಇಡಿ ಎಂದು ಮೇಡಂ ಕೇಳಿಕೊಂಡಿದ್ದಾರೆ. ಉತ್ತರ ಬಂದಿಲ್ಲ. "ಒಡೆದ ತಂಡ ಮತ್ತೆ ಕೂಡಲ್ಲ, ಗೊತ್ತು. ಇನ್ನೊಂದು ಒಡೀದಿದ್ರೆ ಸಾಕು."

ಮಾತಾಡುತ್ತಲೇ ಮೂರನೇ ಮಹಡಿಗೆ ಬಂದಿದ್ದೇವೆ. ಹಿರಿಯರ ಮೇಜಿನ ಬಳಿ ಇಂದು ಎರಡನೆಯ ಕುರ್ಚಿಯೊಂದನ್ನು ಎಳೆದಿಟ್ಟಿದೆ. ಪೊರಕೆ ಹಿಡಿದ ಅಕ್ಕ ಅದನ್ನು ಪಕ್ಕಕ್ಕೆ ತಳ್ಳಲು ಹೋಗುತ್ತಾರೆ.

"ಇರಲಿ ಬಿಡಿ ಅಕ್ಕ," ಎನ್ನುತ್ತಾರೆ ಮೇಡಂ. "ನಿನ್ನೆ ಅಲ್ಲಿ ಕೂತಿದ್ದು ನಾನೇ. ಕೇಳೋದು ಇನ್ನೂ ಬೇಕಾದಷ್ಟಿದೆ."